ಸಂಜೀಕ ಹಚ್ರಿ

"ಇಲ್ಲೇ ಹಚ್ರಿ," ಎಂದಳು ಹುಡುಗಿ.

ಏನನ್ನು ಹಚ್ಚಬೇಕೋ ಅಂಬರೀಶನಿಗೆ ತಿಳಿಯಲಿಲ್ಲ. ಅವನ ಒಂದು ಕೈಯಲ್ಲಿ ಡ್ರಿಲ್ಲಿಂಗ್ ಮೆಷಿನ್ನು, ಇನ್ನೊಂದು ಕೈಯಲ್ಲಿ ಸುರುಳಿ ಸುತ್ತಿದ ಫೈಬರ್ ಕೇಬಲ್ಲು. ಅವನು ಹುಟ್ಟಿ ಬೆಳೆದ ಕಾಡುಗೋಡಿಯಲ್ಲಿ ಹಚ್ಚುವುದೆಂದರೆ ದೀಪ ಹಚ್ಚುವುದು, ಒಲೆ ಹಚ್ಚುವುದು, ಬಹಳವೆಂದರೆ ಸಾರಿಗೆ ಈರುಳ್ಳಿ ಹಚ್ಚುವುದು. ಹುಡುಗಿಯ ಬೆರಳು ತೋರಿದ ಕಡೆ ನೋಡಿದ. ಅಲ್ಲೊಂದು ದೇವರ ಗೂಡು. ಗೂಡಿನಲ್ಲಿ ಬಸವಣ್ಣನ ಪಟ, ಪಟದ ಮುಂದೆ ಆರಿದ ಹಣತೆ.

ಆ ಕಡೆಯವರ ಶಾಸ್ತ್ರವಿರಬೇಕು, ಮನೆಗೆ ಹೊಸ ಸಾಮಾನು ಬಂದಾಗ ತಂದವರ ಕೈಯಲ್ಲೇ ದೀಪ ಹಚ್ಚಿಸುತ್ತಾರೇನೋ ಎಂದುಕೊಂಡ. ಕೈಯಲ್ಲಿದ್ದುದನ್ನೆಲ್ಲ ನೆಲಕ್ಕಿಟ್ಟು, ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಭಕ್ತಿಯಿಂದಲೇ ಕೇಳಿದ.

"ಬೆಂಕಿಪೊಟ್ಣ ಕೊಡಿ ಮೇಡಂ."

"ಕಡ್ಡಿಪೆಟ್ಟಿಗಿ ಯಾಕ್ರಿ?"

"ಹಚ್ಚಿ ಅಂದ್ರಲ್ಲ."

ಹುಡುಗಿ ಅವನನ್ನು ನೋಡಿದಳು, ಹಣತೆಯನ್ನು ನೋಡಿದಳು, ಗೂಡಿನ ಕೆಳಗಿದ್ದ ಕರೆಂಟಿನ ಪ್ಲಗ್ಗನ್ನು ನೋಡಿದಳು. "ಮೋಡೆಮ್ಮು ಹಚ್ರಿ ಅಂದೆ. ಮೋಡೆಮ್ಮಿಗೆ ಬೆಂಕಿ ಹಚ್ತೀರೇನ್ರಿ?"

ಅವಳು ನಗಲಿಲ್ಲ. ಕೆಳತುಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ನಗುವನ್ನು ಅಲ್ಲಿಯೇ ಕಟ್ಟಿಹಾಕಿದಳು. ಆದರೆ ಕಣ್ಣಿಗೆ ಕಟ್ಟು ಹಾಕುವುದು ಅವಳಿಗೂ ಆಗಲಿಲ್ಲ. ಆ ಕಣ್ಣು ನೋಡಿ ಅಂಬರೀಶ ಡ್ರಿಲ್ಲಿಗೆ ಹಾಕಬೇಕಾದ ಬಿಟ್ಟನ್ನು ಹುಡುಕತೊಡಗಿದ. ಬಿಟ್ಟು ಆಗಲೇ ಡ್ರಿಲ್ಲಿನಲ್ಲಿತ್ತು.

ಹುಡುಗಿಯ ಹೆಸರು ನಿವೇದಿತಾ, ಊರು ಬಾಗಲಕೋಟೆ ಕಡೆಯ ಹುನಗುಂದ, ಕೆಲಸ ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ. ಇಷ್ಟನ್ನೂ ಹೇಳಿದವಳು ಅವಳ ಅಜ್ಜಿ ಹೊಳೆವ್ವ. ಮೊಮ್ಮಗಳು ಒಬ್ಬಳೇ ಇರಬಾರದೆಂದು ಅಜ್ಜಿ ಊರು ಬಿಟ್ಟು ಜೊತೆಗೆ ಬಂದಿದ್ದಳು. ಅಂಬರೀಶ ಗೋಡೆ ಕೊರೆಯುತ್ತಿದ್ದಾಗಲೂ ಅವಳ ಮಾತು ನಿಲ್ಲಲಿಲ್ಲ. ಡ್ರಿಲ್ಲಿನ ಸದ್ದು ಅವಳ ಕಿವಿಗೆ ಅಷ್ಟಾಗಿ ಬೀಳುತ್ತಲೇ ಇರಲಿಲ್ಲ.

ಆ ಕಿವಿಯ ಸಲುವಾಗಿಯೇ ಈ ಲೈನು. ನಿವೇದಿತಾ ಆಫೀಸಿನಿಂದ ಫೋನ್ ಮಾಡಿದರೆ ಮಂಚದ ಮೇಲಿನ ಮೊಬೈಲು ಕೂಗಿ ಕೂಗಿ ಸುಮ್ಮನಾಗುತ್ತಿತ್ತು. ಅಜ್ಜಿ ಎತ್ತಲಿಲ್ಲವೆಂದು ಗಾಬರಿಯಾಗಿ ಅವಳು ಗೇಟಿನ ಸೆಕ್ಯುರಿಟಿ ಬಸಲಿಂಗನಿಗೆ ಹೇಳಬೇಕು, ಅವನು ಮೇಲೆ ಬಂದು ಬಾಗಿಲು ಬಡಿಯಬೇಕು, ಒಳಗೆ ಅಜ್ಜಿ ಆರಾಮವಾಗಿ ಅವಲಕ್ಕಿ ತಿನ್ನುತ್ತಿರಬೇಕು. ಕೊನೆಗೆ ಹೊಳೆವ್ವನೇ ಒಂದು ದಾರಿ ಹೇಳಿದ್ದಳು: ಊರ ಮನೆಯ ಫೋನು ತಂದು ಹಚ್ಚಿದರಾಯಿತು.

ಅವಳು ಇಳಕಲ್ ಸೀರೆಯ ಗಂಟು ಬಿಚ್ಚಿದಳು. ಒಳಗೆ ಕರಿಯ ಡಯಲ್ ಫೋನು, ಬಲಿತ ಕುಂಬಳಕಾಯಿಯ ತೂಕದ್ದು.

"ಇದರ ಗಂಟಿ ಬಾರಿಸಿದ್ರ ನಮ್ಮ ಓಣ್ಯಾಗ ಸತ್ತಾವ್ರೂ ಎದ್ದು ಕೂಡ್ತಿದ್ರು ತಮ್ಮಾ," ಎಂದಳು.

ಅಂತಹ ಫೋನನ್ನು ಅಂಬರೀಶ ಹುಡುಗನಾಗಿದ್ದಾಗ ಪಂಚಾಯ್ತಿ ಆಫೀಸಿನಲ್ಲಿ ನೋಡಿದ್ದಷ್ಟೇ. ಬೆಳ್ಳಗೆ, ಹಗುರಾಗಿ, ಬೆನ್ನಿನಲ್ಲಿ ಸಣ್ಣ ಸಣ್ಣ ತೂತುಗಳಿದ್ದ ಮೋಡೆಮ್ಮಿಗೂ ಈ ಕಬ್ಬಿಣದ ಮುದುಕನಿಗೂ ಯಾವ ಜನ್ಮದ ನಂಟು ಎಂದು ಅವನಿಗೆ ಅನುಮಾನ. ಆದರೂ ಮೋಡೆಮ್ಮಿನ ಬೆನ್ನಿಗೆ ಫೋನಿಗೆಂದೇ ಒಂದು ತೂತಿತ್ತು. ಹಳೆಯ ತಂತಿಯ ತುದಿಗೆ ಹೊಸ ಪಿನ್ನು ಕಚ್ಚಿಸಿ ಅದರೊಳಗೆ ಕೂರಿಸಿದ. ಇಂಟರ್ನೆಟ್ಟು ಬಂತು. ಫೋನು ಮಾತ್ರ ಮೂಕವಾಗಿಯೇ ಇತ್ತು.

"ಫೋನ್ ನಂಬರ್ ಇನ್ನೂ ಬಿಟ್ಟಿಲ್ಲ ಮೇಡಂ. ಸಂಜೆ ಆಫೀಸಲ್ಲಿ ಕೂತು ಆಕ್ಟಿವೇಟ್ ಮಾಡಿಸ್ತೀನಿ. ನಂಬರು ಅಪ್ಲಿಕೇಶನ್ನಲ್ಲಿರೋ ಮೊಬೈಲ್‌ಗೆ ಮೆಸೇಜ್ ಬರುತ್ತೆ." ಅವನು ತನ್ನ ಮೊಬೈಲಿನಲ್ಲಿ ನೋಡಿದ. ಕನೆಕ್ಷನ್ನು ಮಡಿವಾಳಪ್ಪ ಎಂಬವರ ಹೆಸರಿನಲ್ಲಿತ್ತು. ಯಾರು ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಈ ಕಥೆ ಇಷ್ಟು ಉದ್ದ ಆಗುತ್ತಿರಲಿಲ್ಲ.

"ಹಂಗಾರ ಸಂಜೀಕ ಹಚ್ರಿ. ನಾ ಫೋನಿನ ಮುಂದನ ಕೂತಿರ್ತೀನಿ," ಎಂದಳು ನಿವೇದಿತಾ, ಬಾಗಿಲ ಚೌಕಟ್ಟಿಗೆ ಒರಗಿ ನಿಂತು.

ಒಂದು ಸಲ ಮುಗ್ಗರಿಸಿದವನು ಮತ್ತೆ ಮುಗ್ಗರಿಸುತ್ತಾನೆಯೇ? ಹಚ್ಚುವುದೆಂದರೆ ಕನೆಕ್ಷನ್ ಕೊಡುವುದು ಎಂದು ಅಂಬರೀಶ ಆಗಲೇ ಪಾಠ ಕಲಿತಿದ್ದ. "ಹಚ್ತೀನಿ ಮೇಡಂ, ಡೌಟೇ ಬೇಡ," ಎಂದು ಅವಳ ಭಾಷೆಯನ್ನೇ ಅವಳಿಗೆ ಒಪ್ಪಿಸಿ, ಲಿಫ್ಟು ಬಿಟ್ಟು ಮೆಟ್ಟಿಲಿನಲ್ಲೇ ಕುಣಿದುಕೊಂಡು ಇಳಿದ.

*

ಸಂಜೆ ಅವನು ಆಫೀಸಿನಲ್ಲಿ ಬಾಲಾಜಿಯ ಕುರ್ಚಿಯ ಹಿಂದೆ ಬೇತಾಳನಂತೆ ನಿಂತುಬಿಟ್ಟ. ಬಾಲಾಜಿ ಅವನ ಸ್ನೇಹಿತ. ಕಂಪ್ಯೂಟರಿನ ಮುಂದೆ ಕೂತು ಲೈನುಗಳಿಗೆ ಜೀವ ಕೊಡುವುದು, ಕಂಪ್ಲೇಂಟು ಹಂಚುವುದು ಅವನ ಕೆಲಸ.

"ಬೆಳಿಗ್ಗೆ ಮಾಡಿದ್ರೆ ಆಗಲ್ವಾ ಗುರು?"

"ಸಂಜೆಗೇ ಹಚ್ತೀನಿ ಅಂದಿದೀನಿ ಕಣೋ."

"ಏನ್ ಹಚ್ತೀಯ?"

"ನಿಂಗೆ ಗೊತ್ತಾಗಲ್ಲ ಬಿಡು. ಅದು ಆ ಕಡೆ ಕನ್ನಡ."

ಬಾಲಾಜಿ ತಿರುಗಿ ಅವನ ಮುಖ ನೋಡಿದ. "ಮಗಾ, ಲೈನ್ ಎಳಿ ಅಂತ ಕಳಿಸಿದ್ರೆ ನೀನು ಲೈನ್ ಹೊಡ್ಕೊಂಡು ಬಂದಿದೀಯ."

"ಥೂ, ಸುಮ್ನಿರೋ," ಎಂದ ಅಂಬರೀಶ. ಕಿವಿ ಮಾತ್ರ ಬಿಸಿಯಾಯಿತು.

ಲೈನಿಗೆ ಜೀವ ಬಂತು. ಆ ನಾಲ್ಕನೇ ಮಹಡಿಯ ಮನೆಯಲ್ಲಿ ಮೋಡೆಮ್ಮಿನ ಫೋನಿನ ದೀಪ ಹಸಿರಾಗಿರುತ್ತದೆ, ದೇವರ ಗೂಡಿನ ಕೆಳಗೆ ಅದು ಹೊತ್ತಿಕೊಂಡಿದ್ದನ್ನು ಅವಳು ನೋಡಿರುತ್ತಾಳೆ ಎಂದು ಅವನು ಮನಸ್ಸಿನಲ್ಲೇ ಕಂಡ. ಸರ್ವಿಸ್ ಚೆನ್ನಾಗಿತ್ತು ಅಂತ ಆಫೀಸಿಗೆ ಒಂದು ಮಾತು ಹೇಳಿಯಾಳು ಎಂದು ರಾತ್ರಿ ಊಟಕ್ಕೆ ಕೂತಾಗಲೂ ಕಾದ.

ಬೆಳಿಗ್ಗೆ ಆಫೀಸಿಗೆ ಬಂದದ್ದು ಕಂಪ್ಲೇಂಟು. 'ಹಚ್ಚುತ್ತೇನೆ ಎಂದು ಹೇಳಿ ಹೋದವರು ಹಚ್ಚಲಿಲ್ಲ.'

ಅಂಬರೀಶನಿಗೆ ಸಿಟ್ಟೇ ಬಂತು. ಹೋಗಿ ಬೆಲ್ಲು ಒತ್ತಿದ. ಬಾಗಿಲು ತೆರೆದವಳ ಮುಖವೂ ಕಾದ ಹಂಚಿನಂತಿತ್ತು.

"ಹಚ್ಚಿದ್ನಲ್ಲ ಮೇಡಂ!"

"ಎಲ್ಲಿ ಹಚ್ಚೀರಿ? ಉಣ್ಣೂದು ಬಿಟ್ಟು ಆ ಫೋನಿನ ಮುಂದ ಕೂತಿದ್ದೆ."

"ನೋಡಿ ಅಲ್ಲಿ, ಹಸಿರು ಲೈಟು. ಹಚ್ಚದೇ ಇದ್ರೆ ಅದು ಹೇಗೆ ಉರಿಯುತ್ತೆ?"

"ಲೈಟ್ ಯಾರಿಗೆ ಬೇಕಾಗಿತ್ರಿ? ನಂಬರ ನಮಗ ತಿಳಿದಿಲ್ಲ, ಮೆಸೇಜು ಊರಾಗ ಅಪ್ಪಾರ ಮೊಬೈಲಿಗೆ..." ಎನ್ನುತ್ತಿದ್ದಳು. ಅಷ್ಟರಲ್ಲಿ ಒಳಗಿನಿಂದ ಹೊಳೆವ್ವ "ಯಾರವ್ವಾ, ಜಗಳಾ ಆಡಾಕ ಬಂದಾರೇನ?" ಎಂದು ಕೂಗಿದ್ದರಿಂದ ಆ ಮಾತು ಅಂಬರೀಶನ ಕಿವಿಗೆ ಬೀಳದೆ ಗಾಳಿಗೆ ಹೋಯಿತು. ಅಜ್ಜಿಗೆ ಸಮಾಧಾನ ಹೇಳಿ ಬಂದು ನಿವೇದಿತಾ ಉಸಿರು ಬಿಟ್ಟಳು. "ಫೋನ್ ಹಚ್ಚೂದಂದ್ರ ಫೋನ್ ಮಾಡೂದ್ರೀ!"

"ಹಾಗಾದ್ರೆ ಮೋಡೆಮ್ ಹಚ್ಚಿ ಅಂದಿದ್ದು?"

"ಅದು ಜೋಡ್ಸೂದು."

"ದೀಪ ಹಚ್ಚೋದು?"

"ಅದು ದೀಪ ಹಚ್ಚೂದು."

"ಎಲ್ಲಾದಕ್ಕೂ ಒಂದೇನಾ?"

"ತಲಿಗೆ ಎಣ್ಣೀನೂ ಹಚ್ತೀವಿ. ನಿಮಗ ಒಂದೀಟು ಹಚ್ಚಬೇಕಾಗೈತಿ ನೋಡ್ರಿ."

ಅವನು ನಕ್ಕುಬಿಟ್ಟ. ಅವಳು ಇಂದು ತುಟಿ ಕಚ್ಚಲಿಲ್ಲ. ಇಬ್ಬರ ಸಿಟ್ಟೂ ಬಿಸಿಲಿಗೆ ಇಟ್ಟ ಬೆಣ್ಣೆಯಾಯಿತು.

ಅವನು ಹೊರಗೆ ಮೆಟ್ಟಿಲ ಬಳಿ ನಿಂತು ತನ್ನ ಮೊಬೈಲಿನಿಂದ ಆ ಮನೆಗೆ ಮೊದಲ ಕರೆ ಮಾಡಿದ. ಗಂಟೆ ಬಾರಿಸಿದ ಸದ್ದಿಗೆ ಆ ಮಹಡಿಯ ಬಾಗಿಲುಗಳೆಲ್ಲ ತೆರೆದವು. ಒಬ್ಬರು ಬೆಂಕಿ ಬಿದ್ದಿದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಒಳಗೆ ಹೊಳೆವ್ವನ ಮುಖದಲ್ಲಿ ಮಾತ್ರ ಕಳೆದುಹೋದ ದನ ತಾನಾಗಿ ಕೊಟ್ಟಿಗೆಗೆ ಬಂದಂತಹ ಸಂತೋಷ. ಆಮೇಲೆ ನಿವೇದಿತಾ ರಿಸೀವರು ತೆಗೆದುಕೊಂಡಳು.

"ಕೇಳಿಸ್ತೈತೇನ್ರಿ?"

"ಕೇಳಿಸ್ತಿದೆ ಮೇಡಂ. ಫೋನಲ್ಲೂ ಕೇಳಿಸ್ತಿದೆ, ಬಾಗಿಲಿಂದಲೂ ಕೇಳಿಸ್ತಿದೆ."

"ಯಾವುದು ಚಲೋ ಕೇಳಿಸ್ತೈತಿ?"

ಅವನು "ನೆಟ್‌ವರ್ಕ್ ಚೆನ್ನಾಗಿದೆ" ಎಂದ.

ಇನ್ನು ಹೊರಗೆ ಹೋಗುವ ಕರೆ. ಅವಳು ಡಯಲ್ ತಿರುಗಿಸಿದಳು. ಅದು ಚರ್ರನೆ ತಿರುಗಿ ಹಿಂದಕ್ಕೆ ಬಂತು, ಒಳಗಿನ ಗುಂಯ್ ಸದ್ದು ಹಾಗೇ ಇತ್ತು. ಮತ್ತೆ ತಿರುಗಿಸಿದಳು. "ಹತ್ತವಲ್ದ್ರಿ," ಎಂದಳು.

"ಎಲ್ಲಿ ಹತ್ತಬೇಕು ಹೇಳಿ, ಏಣಿ ಕೆಳಗೇ ಇದೆ."

ನಿವೇದಿತಾ ಫೋನನ್ನು ಎದೆಗವುಚಿಕೊಂಡು ಗೋಡೆಯ ಕಡೆ ತಿರುಗಿ ನಿಂತಳು. ಅವಳ ಭುಜ ಕುಲುಕುವುದು ಅವನಿಗೆ ಕಾಣುತ್ತಿತ್ತು.

ಅವನು ಮೊಬೈಲಿನಲ್ಲಿ ಬಾಲಾಜಿಯನ್ನು ಕೇಳಿದ. "ಮ್ಯೂಸಿಯಂ ಪೀಸು ಮಚ್ಚಾ ಅದು," ಎಂದ ಬಾಲಾಜಿ. "ಅದು ನಂಬರ್ ತಿರುಗಿಸೋ ಭಾಷೆ ಈ ಮೋಡೆಮ್ಮಿಗೆ ಅರ್ಥ ಆಗಲ್ಲ. ಬರೋ ಕಾಲ್ ಬರುತ್ತೆ, ಹೋಗೋದು ಹೋಗಲ್ಲ. ಬಟನ್ ಫೋನ್ ತಗೊಳಕ್ಕೆ ಹೇಳು."

ಹೊಳೆವ್ವ ಒಪ್ಪಲಿಲ್ಲ. "ನಾ ಯಾರಿಗೆ ಹಚ್ಚಲಿ? ಹಚ್ಚಾವ್ರು ಹಚ್ಲಿ. ನಾ ಎತ್ತಾಕ ಇದ್ದೀನಿ," ಎಂದಳು. ಅಲ್ಲಿಗೆ ಅದು ತೀರ್ಮಾನವಾಯಿತು.

ಹೊರಡುವಾಗ ನಿವೇದಿತಾ ಫೋನಿನ ಮೇಲಿನ ಧೂಳನ್ನು ದುಪಟ್ಟಾದ ತುದಿಯಲ್ಲಿ ಒರೆಸುತ್ತ, ಅವನ ಕಡೆ ನೋಡದೆ ಹೇಳಿದಳು. "ದಿನಾ ಸಂಜೀಕ ಒಮ್ಮೆ ಹಚ್ಚಿ ನೋಡ್ರಿ. ಲೈನ್ ನಡೀತೈತೋ ಇಲ್ಲೋ ತಿಳೀಬೇಕಲ್ರಿ."

ಫೋನಿನ ಮೇಲೆ ಧೂಳಿರಲಿಲ್ಲ. ಬಂದಾಗಲೇ ಅವನು ಒರೆಸಿದ್ದ.

*

ಹೀಗೆ ಶುರುವಾಯಿತು. ಚನ್ನಸಂದ್ರದ ಕಂಬದ ಮೇಲಿರಲಿ, ಹೋಪ್‌ಫಾರ್ಮಿನ ಸಿಗ್ನಲ್ಲಿನಲ್ಲಿರಲಿ, ಹೊತ್ತು ಇಳಿಯುತ್ತಿದ್ದಂತೆ ಅಂಬರೀಶ ಆ ನಂಬರು ಒತ್ತುತ್ತಿದ್ದ. ಮೊದಲು ಎತ್ತುವವಳು ಹೊಳೆವ್ವ. "ಯಾರು? ಹಾಂ, ನೀ," ಎನ್ನುವಳು. ಉಂಡೆಯಾ, ಏನು ಉಂಡೆ, ಮುದ್ದೆ ನುಂಗಿದರೆ ಗಂಟಲಿಗೆ ಸಿಕ್ಕಿಕೊಳ್ಳುವುದಿಲ್ಲವಾ ಎಂದು ಕೇಳುವಳು. ನೀನು ಯಾರ ಪೈಕಿ ಎಂದು ಒಮ್ಮೆ ಕೇಳಿದಳು. ಕೋಳಿ ಕುಯ್ಯುವ ಮನೆಯವನೆಂದು ಅವನು ಮುಚ್ಚಿಡದೆ ಹೇಳಿದ. ಅಜ್ಜಿ "ಮಾತು ಮಾತ್ರ ಬೆಳ್ಳಗ ಅದಾವು," ಎಂದು ರಿಸೀವರನ್ನು ಮೊಮ್ಮಗಳಿಗೆ ಕೊಟ್ಟಳು. ಅದು ಹೊಗಳಿಕೆಯೋ ಎಚ್ಚರಿಕೆಯೋ ಅವನಿಗೆ ಇಂದಿಗೂ ಬಗೆಹರಿದಿಲ್ಲ.

ನಿವೇದಿತಾ ಬಂದರೆ ಮೊದಲ ಮಾತು ಯಾವಾಗಲೂ ಲೈನಿನದೇ. "ಸ್ವಚ್ಛ ಕೇಳಿಸ್ತೈತ್ರಿ." ಆಮೇಲಿನದು ಲೈನಿನದಲ್ಲ.

"ನಿಮ್ಮ ಅಪಾರ್ಟ್‌ಮೆಂಟ್ ಇರೋದು ನಮ್ಮ ತಾತನ ಅವರೆ ಹೊಲದಲ್ಲಿ," ಎಂದ ಒಂದು ದಿನ. "ಗೇಟ್ ಹತ್ರ ಹುಣಸೆ ಮರ ಇದೆಯಲ್ಲ, ಅಲ್ಲಿ ಬುತ್ತಿ ಬಿಚ್ತಿದ್ವಿ. ನಿಮ್ಮ ಫೋನ್ ಇಟ್ಟಿರೋ ಜಾಗದಲ್ಲಿ ಸರಿಯಾಗಿ ಬದು ಇತ್ತು."

"ನಾಕನೇ ಮಾಳಿಗಿ ಮ್ಯಾಲ ಬದುವೇನ್ರಿ?"

"ಕೆಳಗೆ. ನೇರ ಕೆಳಗೆ."

"ಹಂಗಾರ ನಾ ನಿಮ್ಮ ಬದುವಿನ ಮ್ಯಾಲ ನಿಂತು ಮಾತಾಡಾಕತ್ತೀನಿ," ಎಂದಳು. ಆಮೇಲೆ ಮೆಲ್ಲಗೆ, "ಅವರಿ ಹೂವಿಗೆ ವಾಸನಿ ಇರ್ತೈತೇನ್ರಿ?"

"ಸೊಗಡು ಅಂತೀವಿ. ಚಳಿಗಾಲದಲ್ಲಿ ಬೆಳಿಗ್ಗೆ ಬೆಳಿಗ್ಗೆ ಜಾಸ್ತಿ. ಕೈಗೆ ಹತ್ತಿದ್ರೆ ತೊಳೆದ್ರೂ ಹೋಗಲ್ಲ."

"ಹತ್ತಿದ್ರ," ಎಂದು ಅವಳು ಆ ಒಂದು ಮಾತನ್ನು ಬಾಯಿಯೊಳಗೆ ಹೊರಳಿಸಿದಳು. "ನೋಡ್ರಿ, ಈಗ ನಮ್ಮ ಭಾಷಾ ಬರಾಕತ್ತೈತಿ ನಿಮಗ."

ಫೋನಿಟ್ಟ ಮೇಲೆ ಅಂಬರೀಶನಿಗೆ ಪೀಕಲಾಟ. ದಿನಾ ಹಚ್ಚಿ ನೋಡಿ ಎಂದವಳು ಲೈನು ನೋಡಲು ಹೇಳಿದಳೋ, ತನ್ನನ್ನು ನೋಡಲು ಹೇಳಿದಳೋ? ಕೇಳಿಬಿಡಬಹುದಿತ್ತು. ಕೇಳಿ, ಅವಳು ಲೈನು ಎಂದುಬಿಟ್ಟರೆ ನಾಳೆಯ ಸಂಜೆಯೂ ಕೈಬಿಟ್ಟು ಹೋಗುತ್ತದೆ. ಅವನಿಗೆ ಬೇಕಾಗಿದ್ದದ್ದು ಆ ಸಂಜೆ. ಅದೊಂದು ಇದ್ದರೆ ಉಳಿದದ್ದು ಗೊತ್ತಾಗದಿದ್ದರೂ ನಡೆಯುತ್ತಿತ್ತು.

"ಏನ್ಲಾ ಅದು, ದಿನಾ ಪೋನ್ನಾಗೆ ಗುಸುಗುಸು ಅನ್ನೋದು?" ಎಂದಳು ಅವನ ತಾಯಿ ಪಿಳ್ಳಮ್ಮ, ಹಿತ್ತಿಲಿನಲ್ಲಿ ಬಟ್ಟೆ ಒಗೆಯುತ್ತ.

"ಟೆಸ್ಟಿಂಗ್ ಕಣಮ್ಮ. ಲೈನ್ ಟೆಸ್ಟಿಂಗು."

"ಅಂಗಾದ್ರೆ ಲೈನು ಚೆಂದಾಗದೆ ಬಿಡು. ನಿನ್ ಮಕ ನೋಡುದ್ರೇ ಗೊತ್ತಾಯ್ತದೆ."

*

ಒಂದು ಸಂಜೆ ಹೊಳೆವ್ವ ಫೋನೆತ್ತಿದವಳೇ ಅವಸರದಲ್ಲಿದ್ದಳು. "ನಾಳೆ ನಮ್ಮ ನಿವೇದಿತಾನ ಮನಿಯವ್ರು ಬರ್ತಾರಪ್ಪಾ. ಹೋಳಿಗಿ ಮಾಡೂದೈತಿ. ನಾಕ್ ದಿನ ಹಚ್ಚಬ್ಯಾಡ ನೀ. ಅವ್ರ ಮುಂದ ಈ ಗಂಟಿ ಬಡಕೊಂಡ್ರ ಚಂದ ಕಾಣಂಗಿಲ್ಲ." ಇಟ್ಟುಬಿಟ್ಟಳು.

ಅಂಬರೀಶ ಕಂಬದ ಬುಡದಲ್ಲಿ ನಿಂತಿದ್ದ. ಮೇಲಿದ್ದಿದ್ದರೆ ಬೀಳುತ್ತಿದ್ದನೋ ಏನೋ.

ಮನೆಯವರು. ಕಾಡುಗೋಡಿಯಲ್ಲಿ ಹೆಂಗಸರಿಗೆ ಮನೆಯವರೆಂದರೆ ಒಬ್ಬರೇ. ಅವನ ತಾಯಿಯೂ ಅಪ್ಪ ಮುನಿಯಣ್ಣನನ್ನು ಹೆಸರು ಹಿಡಿಯದೆ 'ನಮ್ಮನೆಯೋರು' ಎಂದೇ ಕರೆಯುತ್ತಿದ್ದುದು. ಅವನಿಗೆ ಒಂದೊಂದಾಗಿ ಎಲ್ಲ ನೆನಪಾಯಿತು. ಅವಳ ಕೊರಳಲ್ಲಿ ಅಂಗಿಯೊಳಗೆ ಇಳಿದಿದ್ದ ದಾರ. ಅಜ್ಜಿಯ ಎದೆಯ ಮೇಲಿರುವಂತೆ ಲಿಂಗದ ಕರಡಿಗೆಯದಿರಬೇಕು ಎಂದುಕೊಂಡಿದ್ದ. ತಾಳಿಯದೂ ಇರಬಹುದಲ್ಲ? ಕನೆಕ್ಷನ್ನು ಇರುವುದು ಮಡಿವಾಳಪ್ಪ ಎಂಬ ಹೆಸರಿನಲ್ಲಿ. ಹಳೆಯ ಕಾಲದ ಹೆಸರು ನಿಜ, ಆದರೆ ಆ ಕಡೆ ಹುಡುಗರಿಗೂ ತಾತನ ಹೆಸರು ಇಡುತ್ತಾರೆ. ದುಬೈನಲ್ಲೋ ಪುಣೆಯಲ್ಲೋ ಇರುವ ಮಡಿವಾಳಪ್ಪ, ಗಟ್ಟಿ ಮೀಸೆಯವನು, ನಾಳೆ ಹೋಳಿಗೆ ತಿನ್ನುತ್ತಾನೆ.

ಹಾಗಾದರೆ ಅವಳು ನಕ್ಕದ್ದು? ಬದುವಿನ ಮೇಲೆ ನಿಂತಿದ್ದೇನೆ ಎಂದದ್ದು? ಅವಳ ಭಾಷೆಯಲ್ಲಿ ನಗುವಿಗೂ ಬೇರೆ ಅರ್ಥವಿದ್ದೀತು. ತಾನು ಯಾವ ಮಾತನ್ನು ತಾನೇ ಸರಿಯಾಗಿ ತಿಳಿದುಕೊಂಡಿದ್ದೇನೆ?

ಅವನಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಕಳೆ ಎಂದು ಕಿತ್ತೆಸೆಯಲು ಹೋದರೆ ಅದು ಪೈರೋ ಕಳೆಯೋ ಎಂದೇ ತಿಳಿಯದಂತಾಗಿತ್ತು.

ಮಾರನೆಯ ದಿನ ಬಾಲಾಜಿಗೆ ಹೇಳಿ ಏರಿಯಾ ಬದಲಾಯಿಸಿಕೊಂಡ. ಮಾರತ್ತಹಳ್ಳಿಯ ಪೀಜಿಗಳು, ಇಡೀ ದಿನ ವೈಫೈ ಬರುತ್ತಿಲ್ಲವೆಂದು ಬೈಯುವ ಹುಡುಗರು. ಹೊತ್ತು ಇಳಿಯುವಾಗ ಕೈ ತಾನಾಗಿ ಜೇಬಿಗೆ ಹೋಗುತ್ತಿತ್ತು. ನಾಲ್ಕು ದಿನ ಮುಗಿದು ಅದರ ಮೇಲೆ ಎಷ್ಟೋ ದಿನಗಳಾದವು. ಅವನು ಮೊಬೈಲನ್ನು ಹೊರಗೆ ತೆಗೆಯಲಿಲ್ಲ. ಅವಳೂ ಕರೆಯಲಿಲ್ಲ. ಹೇಗೆ ಕರೆದಾಳು? ಆ ಫೋನಿನಿಂದ ಕರೆ ಹೋಗುತ್ತಿರಲಿಲ್ಲ, ಅದರ ಮುಖದ ಮೇಲೆ ಬಂದವರ ನಂಬರು ಮೂಡುತ್ತಲೂ ಇರಲಿಲ್ಲ. ಹಚ್ಚುವವನು ಅವನು, ಎತ್ತುವವಳು ಅವಳು ಎಂಬ ರೂಢಿಯಲ್ಲಿ ತನ್ನ ನಂಬರು ಕೊಡಬೇಕೆಂದು ಅವನಿಗೂ ಹೊಳೆದಿರಲಿಲ್ಲ.

"ಯಾಕ್ಲಾ, ಟೆಸ್ಟಿಂಗು ಮುಗೀತಾ?" ಎಂದಳು ಪಿಳ್ಳಮ್ಮ.

ಅವನು ಮುದ್ದೆ ಮುರಿಯುತ್ತ ಕೂತಿದ್ದ, ತಿನ್ನಲಿಲ್ಲ.

*

"ನಿನ್ನ ಮ್ಯೂಸಿಯಂ ಮನೆಯವರು ನನ್ನ ಪ್ರಾಣ ತಿಂತಿದಾರೆ ಗುರು," ಎಂದು ಬಾಲಾಜಿ ಫೋನ್ ಮಾಡಿದ್ದು ಒಂದು ಮಧ್ಯಾಹ್ನ. ಅಂಬರೀಶ ಮಾರತ್ತಹಳ್ಳಿಯ ಒಂದು ಪೀಜಿಯ ಟೆರೇಸಿನಲ್ಲಿದ್ದ.

"ಏನಾಗಿದೆ ಲೈನಿಗೆ?"

"ಏನೂ ಆಗಿಲ್ಲ. ಆದ್ರೆ ದಿನಾ ಕಂಪ್ಲೇಂಟು. ಸಂಜೆ ಹೊತ್ತು ಇನ್‌ಕಮಿಂಗ್ ಬರ್ತಿಲ್ಲವಂತೆ."

"ಹೋಗಿ ನೋಡಿದ್ರಾ?"

"ಇಬ್ರು ಹೋಗಿ ಬಂದ್ರು. ಫೋನು ಸರಿ, ಮೋಡೆಮ್ಮು ಸರಿ. ಆ ಹುಡುಗಿ ಬಾಗಿಲು ತೆಗೆದು ಮುಖ ನೋಡ್ತಾಳಂತೆ, 'ನಿಮ್ಮನ್ನ್ಯಾಕ ಕಳಿಸಿದ್ರು' ಅಂತಾಳಂತೆ. ಆಮೇಲೆ ನಾನೇ ಸಂಜೆ ಕಾಲ್ ಮಾಡಿ ಟೆಸ್ಟ್ ಮಾಡೋಣ ಅಂದ್ಕೊಂಡೆ. ಫಸ್ಟ್ ರಿಂಗಿಗೇ ಎತ್ತಿದ್ಲು ಅಜ್ಜಿ. ನಾನು ಹಲೋ ಅಂದೆ. ಏನಂದ್ಲು ಗೊತ್ತಾ?"

"ಏನು?"

"'ನೀ ಅಲ್ಲ' ಅಂದ್ಲು. ಇಟ್ಬಿಟ್ಲು. ನಾಲ್ಕು ಸಂಜೆ ಟ್ರೈ ಮಾಡ್ದೆ ಮಚ್ಚಾ. ಬೇರೆ ಬೇರೆ ನಂಬರಿಂದ. ಹಲೋ ಅಂತಿದ್ದಂಗೇ 'ನೀ ಅಲ್ಲ', ಟಕ್. ನಾನಲ್ಲದೇ ಇನ್ಯಾರಪ್ಪ ಅವರಿಗೆ?"

ಟೆರೇಸಿನ ಮೇಲೆ ಗಾಳಿ ಬೀಸುತ್ತಿತ್ತು. ಕೆಳಗೆ ರಿಂಗ್ ರೋಡಿನಲ್ಲಿ ಬಸ್ಸುಗಳು ಒಂದರ ಹಿಂದೊಂದು ನಿಂತು ಹಾರನ್ನು ಹೊಡೆಯುತ್ತಿದ್ದವು. ಅಂಬರೀಶನ ಕಿವಿಯಲ್ಲಿ ಇದ್ದದ್ದು ಎರಡೇ ಮಾತು. ಅವನು ಆ ಮಾತಿಗೆ ಬೇರೆ ಅರ್ಥ ಹುಡುಕಿದ. ಕಾಡುಗೋಡಿಯ ಕನ್ನಡದಲ್ಲಿ ಹುಡುಕಿದ, ಹುನಗುಂದದ ಕನ್ನಡದಲ್ಲಿ ಹುಡುಕಿದ. ಎರಡರಲ್ಲೂ ಅದಕ್ಕಿದ್ದದ್ದು ಒಂದೇ ಅರ್ಥ.

ಅದನ್ನು ನಂಬಲು ಅವನಿಗೆ ಧೈರ್ಯ ಸಾಲಲಿಲ್ಲ. ಆದರೂ ಬೈಕು ಏರಿದ. ಕುಂದಲಹಳ್ಳಿ ಗೇಟಿನ ಟ್ರಾಫಿಕ್ಕಿನಲ್ಲಿ ನಿಂತಾಗ, ಗಟ್ಟಿ ಮೀಸೆಯ ಮಡಿವಾಳಪ್ಪ ಬಾಗಿಲು ತೆಗೆದರೆ ಏನು ಹೇಳುವುದು ಎಂದು ಯೋಚಿಸಿದ. 'ಲೈನ್ ಚೆಕ್ ಮಾಡಕ್ಕೆ ಬಂದೆ ಸಾರ್.' ಅಷ್ಟೇ. ಫೋನಿಗೆ ಒಮ್ಮೆ ಕಿವಿ ಕೊಟ್ಟು, ಗುಂಯ್ ಸದ್ದು ಕೇಳಿ, ವಾಪಸ್ಸು ಬಂದುಬಿಡುವುದು.

*

ಗೇಟಿನಲ್ಲಿ ಬಸಲಿಂಗ ಕೈ ಅಡ್ಡ ಹಿಡಿದ. ಅವನ ಕೈಯಲ್ಲಿ ಹೊಸ ಟ್ಯಾಬು.

"ಕಂಪ್ಲೇಂಟ್ ಐತೇನ್ರಿ ಇವತ್ತ?"

"ನನ್ನ ಹೆಸರಿಗೆ ಇಲ್ಲ. ಈಗ ಈ ಏರಿಯಾ ನಂದಲ್ಲ."

"ಹಂಗಾರ ಏನಂತ ಒತ್ತಲಿ? ಸರ್ವಿಸ್ ಐತಿ, ಡೆಲಿವರಿ ಐತಿ, ಗೆಸ್ಟ್ ಐತಿ."

ಏನೆಂದು ಒತ್ತಿಸುವುದು? ಅಂಬರೀಶ ಪೆಚ್ಚಾಗಿ ಹುಣಸೆ ಮರದ ಕೆಳಗೆ ಸರಿದು ನಿಂತ. ಬಿಸಿಲು ಮೆತ್ತಗಾಗಿತ್ತು. ಹಿಂದೆ ಇದೇ ಹೊತ್ತಿಗೆ ಇದೇ ನೆರಳಿನಲ್ಲಿ ತಾತ ಎತ್ತಿಗೆ ಹುಲ್ಲು ಹಾಕುತ್ತಿದ್ದ. ಮೊಬೈಲು ತೆಗೆದು, ಬೆರಳಿಗೆ ಬಾಯಿಪಾಠವಾಗಿದ್ದ ನಂಬರು ಒತ್ತಿದ. ನಾಲ್ಕನೇ ಮಹಡಿಯಲ್ಲಿ ಗಂಟೆ ಬಾರಿಸಿದ್ದು ಕೆಳಗಿನವರೆಗೂ ಕೇಳಿಸಿತು.

"ಯಾರು?" ಎಂದಳು ಹೊಳೆವ್ವ.

"ನಾನು ಅಜ್ಜಿ."

ಆ ಕಡೆ ಉಸಿರು. ಆಮೇಲೆ, "ಹಾಂ. ನೀ."

ರಿಸೀವರು ಕೈಯಿಂದ ಕೈಗೆ ಬದಲಾದ ಸದ್ದಾಯಿತು. ನಿವೇದಿತಾ ಬಂದಳು. ಲೈನಿನ ಮಾತನ್ನು ಈ ಸಲ ಅವನೇ ಶುರು ಮಾಡಿದ.

"ಲೈನ್ ಸ್ವಚ್ಛ ಕೇಳಿಸ್ತಿದೆಯಾ ಮೇಡಂ?"

"ಲೈನಿನ ಸುದ್ದಿ ಬಿಡ್ರಿ. ಎಲ್ಲಿ ಹೋಗಿದ್ರಿ?"

"ನಿಮ್ಮ ಮನೆಯವರು ಬರ್ತಾರೆ, ಹಚ್ಚಬೇಡ ಅಂದ್ರು ಅಜ್ಜಿ."

"ನಾಕ್ ದಿನ ಅಂದಿದ್ಲು ಆಯಿ. ನಾಕ್ ದಿನಕ್ಕ ಅವ್ರು ಹೋದ್ರಲ್ರಿ ಊರಿಗೆ."

"ಮಡಿವಾಳಪ್ಪೋರು... ಮತ್ತೆ ದುಬೈಗೆ?"

"ದುಬೈ? ಹುನಗುಂದಕ್ಕ! ನಮ್ಮಪ್ಪಾರು ದುಬೈಗೆ ಯಾಕ ಹೋಗ್ತಾರ್ರಿ? ಅಪ್ಪಾರು, ಅವ್ವ ಬಂದಿದ್ರು."

ಅಂಬರೀಶ ಮರಕ್ಕೆ ಕೈ ಕೊಟ್ಟು ನಿಂತ. "ಮಡಿವಾಳಪ್ಪ ನಿಮ್ಮ ತಂದೆಯವರಾ?"

"ಮತ್ಯಾರಂತ ತಿಳಿದಿದ್ರಿ?"

"ನಮ್ಮ ಕಡೆ ಮನೆಯವರು ಅಂದ್ರೆ..." ಎಂದು ಶುರು ಮಾಡಿ ಅಲ್ಲಿಗೇ ನಿಲ್ಲಿಸಿದ.

ಆ ಕಡೆ ಅವಳಿಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. ತಿಳಿದ ಮೇಲೆ ಬಂದದ್ದು ನಗುವೋ ಅಳುವೋ ಅವನಿಗೆ ಗೊತ್ತಾಗಲಿಲ್ಲ. ಎರಡೂ ಒಂದೇ ರಿಸೀವರಿನಲ್ಲಿ ಬಂದರೆ ಹಾಗೇ ಕೇಳಿಸುತ್ತದೇನೋ.

"ನನ್ನನ್ನ ಕೇಳಬಾರದಾಗಿತ್ತೇನ್ರಿ? ಒಂದ್ ಮಾತು?"

"ಕೇಳಿದ್ರೂ ಅರ್ಥ ಆಗ್ತಿತ್ತೋ ಇಲ್ವೋ," ಎಂದ ಅವನು, ನಿಜವಾಗಿಯೂ ಹಾಗೆಯೇ ಅನ್ನಿಸಿ.

"ದಿನಾ ಆಫೀಸಿನಿಂದ ಓಡಿ ಬಂದು ಇದರ ಮುಂದ ಕೂಡ್ತಿದ್ದೆ. ಗಂಟಿ ಬಾರಿಸಿದ್ರ ಯಾವನೋ ಹಲೋ ಅಂತಿದ್ದ, ಆಯಿ ಇಟ್ಟುಬಿಡ್ತಿದ್ಲು. ನಿಮ್ಮ ಕಂಪನಿಗೆ ಸುಳ್ಳ ಸುಳ್ಳ ಕಂಪ್ಲೇಂಟ್ ಕೊಟ್ಟೆ. ಸುಳ್ಳೇನ ಅಲ್ಲ ಬಿಡ್ರಿ. ಬರಬೇಕಾದ ಕಾಲ್ ಬರಲಿಲ್ಲ." ಅವಳು ದನಿ ತಗ್ಗಿಸಿದಳು. "ಹಚ್ಚಿಕೊಂಡ ಮ್ಯಾಲ ಹಿಂಗ ಬಿಟ್ಟು ಹೋಗ್ತಾರೇನ್ರಿ ಯಾರರೆ?"

ಹಚ್ಚಿಕೊಳ್ಳುವುದು. ಅಂಬರೀಶ ಈ ಸಲ ದೇವರ ಗೂಡನ್ನೂ ನೆನೆಯಲಿಲ್ಲ, ಏಣಿಯನ್ನೂ ನೆನೆಯಲಿಲ್ಲ. ಅವನ ತಾಯಿ ಕರುವಿಲ್ಲದ ಹಸುವಿನ ಕುರಿತು, ಅಜ್ಜಿ ಮನೆಗೆ ಹೋಗಿ ಬಂದ ಮಗುವಿನ ಕುರಿತು ಆಡುತ್ತಿದ್ದ ಮಾತೇ ಅದು. ಬಹಳ ಹಚ್ಚಿಕೊಂಡುಬಿಟ್ಟದೆ, ಪಾಪ, ಎಂದು.

"ನಾನೂ ಹಚ್ಚಿಕೊಂಡಿದೀನಿ," ಎಂದ. ಹೇಳಿದ ಮೇಲೆ ಹೆದರಿ, "ನಿಮ್ಮ ಅರ್ಥದಲ್ಲೇ," ಎಂದು ಸೇರಿಸಿದ.

ಲೈನಿನೊಳಗೆ ಸಣ್ಣಗೆ ಏನೂ ಅಲ್ಲದ ಒಂದು ಸದ್ದು ಮಾತ್ರ.

"ಅಪ್ಪಾರ ಮುಂದ ನಿಮ್ಮ ಹೆಸರು ಹೇಳಿದೆ," ಎಂದಳು.

"ಏನಂದ್ರು?"

"ಏನೂ ಅನಲಿಲ್ಲ. ಒಂದರ ಮ್ಯಾಲೊಂದು ಚಹಾ ಕುಡದ್ರು."

"ಅದು ಒಳ್ಳೇದೋ ಕೆಟ್ಟದ್ದೋ?"

"ನನಗೂ ತಿಳಿವಲ್ದು. ಊರಿಗೆ ಹೋಗೂ ಮುಂದ ಆಯಿಗೆ ಮಾತ್ರ ಅಂದ್ರಂತ, 'ಹುಡುಗ ಯಾಕ ಫೋನ್ ಹಚ್ಚಲಿಲ್ಲ ಈ ನಾಕ್ ದಿನ' ಅಂತ."

ಅದಕ್ಕೆ ಏನರ್ಥವೋ. ಅಂಬರೀಶ ಕೇಳಲು ಬಾಯಿ ತೆರೆದ, ಅಷ್ಟರಲ್ಲಿ ಅವಳೇ ಕೇಳಿದಳು. "ಈಗ ಎಲ್ಲದೀರಿ?"

"ಕೆಳಗೆ. ಹುಣಸೆ ಮರದ ಹತ್ರ. ಕಂಪ್ಲೇಂಟ್ ಇಲ್ಲ ಅಂತ ಬಸಲಿಂಗ ಒಳಗೆ ಬಿಡ್ತಿಲ್ಲ."

ಮೇಲೆ ಬಾಲ್ಕನಿಯಲ್ಲಿ ಯಾರೂ ಕಾಣಲಿಲ್ಲ. ಫೋನಿನ ತಂತಿ ಅಷ್ಟು ದೂರಕ್ಕೆ ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು, ಕತ್ತರಿಸಿದವನು ಅವನೇ. ಅವಳು ರಿಸೀವರು ಬಿಟ್ಟು ಬಾಲ್ಕನಿಗೆ ಓಡಿ ಬಂದಿಲ್ಲ ಎಂಬುದು ಅವನಿಗೆ ಯಾಕೋ ಹಿತವಾಗಿತ್ತು.

"ಬಸಲಿಂಗಗ ಕೊಡ್ರಿ ಫೋನ್."

ಅಂಬರೀಶ ಕೊಟ್ಟ. ಬಸಲಿಂಗ ಕಿವಿಗಿಟ್ಟುಕೊಂಡ. "ಹೂಂರಿ ಅಕ್ಕಾರ. ಇಲ್ಲರಿ, ಸರ್ವಿಸ್ ಅಂತ ಒತ್ತಾಕ ಬರಂಗಿಲ್ಲ. ಗೆಸ್ಟ್ ಅಂತ ಒತ್ತಲೇನ್ರಿ?" ಅವನು ಕೇಳುತ್ತ ಹೋದ. ಕೇಳುತ್ತ ಕೇಳುತ್ತ ಅವನ ಮೀಸೆಯ ಎರಡೂ ತುದಿ ಮೇಲಕ್ಕೆ ಹೋದವು. ಅವನೂ ಆ ಕಡೆಯವನೇ, ಕುಷ್ಟಗಿಯವನು. ಮೊಬೈಲು ವಾಪಸ್ಸು ಕೊಟ್ಟು, ಟ್ಯಾಬಿನಲ್ಲಿ ಎಲ್ಲಿಯೋ ಕೆಳಗಿದ್ದುದನ್ನು ಹುಡುಕಿ ಒತ್ತಿದ.

"ಏನಂತ ಹಾಕಿದ್ರಿ?" ಎಂದ ಅಂಬರೀಶ.

"ಅಕ್ಕಾರು ಹೇಳಿದ್ದು ಹಾಕೀನ್ರಿ." ಬಸಲಿಂಗ ಗೇಟು ತೆರೆದ. "'ನಮ್ಮ ಮನಿಯವ್ರು' ಅಂದ್ರು."

ಮನಿಯವರು. ಯಾವ ಅರ್ಥದಲ್ಲಿ? ಹುನಗುಂದದ್ದೋ, ಕಾಡುಗೋಡಿಯದೋ? ಕೇಳಲು ಅಂಬರೀಶ ಬಸಲಿಂಗನ ಕಡೆ ತಿರುಗಿದ. ಕೈಯಲ್ಲಿದ್ದ ಮೊಬೈಲನ್ನು ಕಿವಿಗಿಟ್ಟ. ಕರೆ ಇನ್ನೂ ಕಟ್ ಆಗಿರಲಿಲ್ಲ, ಆ ಕಡೆ ಅವಳ ಉಸಿರಿತ್ತು.

ಇರಲಿ, ಎಂದುಕೊಂಡ. ಈ ಒಂದು ಮಾತು ತಿಳಿಯದೇ ಇರಲಿ ಸ್ವಲ್ಪ ಹೊತ್ತು. ಕಿವಿಗಿಟ್ಟ ಮೊಬೈಲನ್ನು ತೆಗೆಯದೆ, ತಾತನ ಬದು ಇದ್ದ ದಿಕ್ಕಿಗೆ ಮೆಲ್ಲಗೆ ನಡೆದ.